ಗಂಗಾಳದಗಲದ ದಾಸವಾಳ: ಗಂಗಾವತಿಯ ಬಿಸಿಲಿನಲ್ಲಿ ಹಾರ್ಡಿ ಹೈಬಿಸ್ಕಸ್ ಬೆಳೆಸುವ ಬಗೆ

ನಮ್ಮ ಕಡೆ ಈ ಗಿಡ ಸಾಯಲು ಮೊದಲ ಕಾರಣ ಅದರ ಹೆಸರು. ಬೀಜದ ಪೊಟ್ಟಣದ ಮೇಲೆ ‘ಹಾರ್ಡಿ ಹೈಬಿಸ್ಕಸ್’ ಎಂದು ಬರೆದಿರುತ್ತದೆ. ಹಾರ್ಡಿ ಎಂದರೆ ಗಟ್ಟಿ ಜೀವ, ಏನು ಮಾಡಿದರೂ ಬದುಕುತ್ತದೆ ಎಂದುಕೊಂಡು ಕುಂಡವನ್ನು ಮಾಳಿಗೆಯ ಮೇಲಿಟ್ಟು, ಏಪ್ರಿಲ್‌ನಲ್ಲಿ ಮೂರು ದಿನದ ಮದುವೆಗೆ ಹೋಗಿ ಬರುತ್ತೇವೆ. ಬಂದು ನೋಡಿದರೆ ಗಿಡ ಹಪ್ಪಳ. ಆ ಗಟ್ಟಿತನ ಇರುವುದು ಚಳಿಗೆ, ಬಿಸಿಲಿಗಲ್ಲ. ಮೈನಸ್ 25 ಡಿಗ್ರಿಯ ಚಳಿಯಲ್ಲಿ, ಹೆಪ್ಪುಗಟ್ಟಿದ ಮಣ್ಣಿನೊಳಗೆ ಬೇರನ್ನು ಬದುಕಿಸಿಕೊಂಡು ವಸಂತಕ್ಕೆ ಮತ್ತೆ ಚಿಗುರುವ ಸಾಮರ್ಥ್ಯ ಅದು. ಗಂಗಾವತಿಯಲ್ಲಿ ಆ ವಿದ್ಯೆ ಕವಡೆ ಕಾಸಿಗೂ ಬಾರದು.

ಹಾಗಿದ್ದರೂ ಇದನ್ನು ಇಲ್ಲಿ ಬೆಳೆಸಬಹುದು. ನಾನು ಎರಡು ಸಲ ಕೊಂದು, ಮೂರನೆಯ ಸಲ ಕಲಿತೆ. ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಇದನ್ನು ದಾಸವಾಳದಂತೆ ನೋಡಬೇಡಿ, ಭತ್ತದಂತೆ ನೋಡಿ. ಇದರ ತವರು ಅಮೆರಿಕದ ಪೂರ್ವ ಭಾಗದ ಜವುಗು ನೆಲ, ಹೊಳೆದಂಡೆಯ ಕೆಸರು. ಕಾಲು ನೀರಿನಲ್ಲಿ, ತಲೆ ಬಿಸಿಲಿನಲ್ಲಿ ಇದ್ದರೆ ಇದಕ್ಕೆ ಸುಖ. ಗದ್ದೆಯ ಬದುವಿನ ಮೇಲೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಗುರುತು ಹಿಡಿಯಿರಿ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೈಬಿಸ್ಕಸ್ ಮಾಸ್ಕ್ಯೂಟಸ್. 1753ರಲ್ಲಿ ಲಿನ್ನೇಯಸ್ ಇಟ್ಟ ಹೆಸರು. ಕಾಡಿನ ಮೂಲ ಗಿಡದ ಹೂವೇ ದೊಡ್ಡದು. ತಳಿಗಾರರು ಅದನ್ನು ಒಂದೆರಡು ಜವುಗು ಸೋದರರೊಂದಿಗೆ ಕೂಡಿಸಿ ಇನ್ನೂ ಹಿಗ್ಗಿಸಿದರು. ಜಪಾನಿನ ಸಕಾಟ ಬೀಜ ಸಂಸ್ಥೆಯ ‘ಸದರ್ನ್ ಬೆಲ್’ ತಳಿಗೆ 1971ರಲ್ಲಿ, ಹೊಸ ತಳಿಗಳಿಗೆ ಅಮೆರಿಕದಲ್ಲಿ ಕೊಡುವ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂದ ಮೇಲೆ, ಬೀಜದಿಂದಲೇ ಬೆಳೆದು ಅದೇ ವರ್ಷ ಹೂ ಬಿಡುವ ಗಿಡವಾಗಿ ಇದು ಮನೆಮನೆಗೆ ಹೋಯಿತು. ಚೆನ್ನಾಗಿ ಬೆಳೆದ ಗಿಡದ ಹೂವು 20ರಿಂದ 25 ಸೆಂಟಿಮೀಟರ್ ಅಗಲ. ಊಟದ ಗಂಗಾಳವನ್ನು ಪಕ್ಕಕ್ಕೆ ಹಿಡಿದು ನೋಡಿ, ಸುಳ್ಳಲ್ಲ.

ಸಂತೆಯಲ್ಲಿ, ಗಾಡಿಯಲ್ಲಿ, ಮೊಬೈಲ್‌ನಲ್ಲಿ ‘ದೊಡ್ಡ ದಾಸವಾಳ’ ಎಂದು ಮಾರುವುದರಲ್ಲಿ ಹೆಚ್ಚಿನವು ಇದಲ್ಲ. ಅವು ಕಸಿ ಕಟ್ಟಿದ ಉಷ್ಣವಲಯದ ದಾಸವಾಳಗಳು. ಚೆಂದವೇನೋ ಹೌದು, ಆದರೆ ಅವುಗಳ ಆರೈಕೆ ಬೇರೆ. ಗುರುತು ಹಿಡಿಯಲು ಎಲೆ ಸಾಕು. ಮಾಮೂಲಿ ದಾಸವಾಳದ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇದರ ಎಲೆಗೆ ಹೊಳಪಿಲ್ಲ. ಹೃದಯದಾಕಾರ ಅಥವಾ ಬೆಂಡೆಯಂತೆ ಸೀಳು, ತಿರುವಿ ನೋಡಿದರೆ ಅಡಿಭಾಗ ಮಾಸಲು ಬಿಳಿ, ಬೆರಳಿಗೆ ಮೆತ್ತನೆಯ ನುಣುಪು. ಇನ್ನೊಂದು ಗುರುತು ಬಣ್ಣ. ಬಿಳಿ, ಗುಲಾಬಿ, ಕೆಂಪು ಮತ್ತು ಇವುಗಳ ನಡುವಿನ ಛಾಯೆಗಳು ಮಾತ್ರ ಇದರಲ್ಲಿ ಇವೆ. ಹಳದಿ, ಕಿತ್ತಳೆ ಕಂಡರೆ ಅದು ಉಷ್ಣವಲಯದ ಜಾತಿ. ಅಚ್ಚ ನೀಲಿ ಹೂವಿನ ಚಿತ್ರ ಹಾಕಿ ಹತ್ತು ಬೀಜಕ್ಕೆ ಇನ್ನೂರು ರೂಪಾಯಿ ಕೇಳಿದರೆ, ಆ ನೀಲಿ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ನಾನು ಕೊಟ್ಟಿದ್ದೇನೆ ಆ ಇನ್ನೂರು. ಬೆಳೆದದ್ದು ಬೆಂಡೆ. ಪಲ್ಯ ಚೆನ್ನಾಗಿತ್ತು.

ಬೆಂಡೆ ಬೆಳೆದದ್ದು ಆಶ್ಚರ್ಯವೂ ಅಲ್ಲ. ಬೆಂಡೆ, ಹತ್ತಿ, ಪುಂಡಿ, ಈ ಹೂವು ಎಲ್ಲವೂ ಒಂದೇ ಕುಟುಂಬ. ಪುಂಡಿ ಹೂವಿನ ನಡುವೆ ಕಡುಗೆಂಪು ಮಚ್ಚೆ ಇರುತ್ತದಲ್ಲ, ಅದೇ ಕಣ್ಣು ಇದರಲ್ಲೂ ಇದೆ, ಇನ್ನಷ್ಟು ದೊಡ್ಡದಾಗಿ. ಈ ನೆಂಟಸ್ತನವನ್ನು ನೆನಪಿಟ್ಟುಕೊಳ್ಳಿ. ಹುಳುಗಳ ಮಾತು ಬಂದಾಗ ಬೇಕಾಗುತ್ತದೆ.

ಬಿತ್ತುವುದು ಜನವರಿಯಲ್ಲಿ, ಮುಂಗಾರಿನಲ್ಲಲ್ಲ

ಗಿಡ ಎಂದರೆ ಮಳೆ ಬಿದ್ದ ಮೇಲೆ ಹಚ್ಚುವುದು ನಮ್ಮ ರೂಢಿ. ಇದರ ವಿಷಯದಲ್ಲಿ ಆ ರೂಢಿ ಒಂದು ವರ್ಷವನ್ನೇ ನುಂಗುತ್ತದೆ. ಕಾರಣ ಹಗಲಿನ ಉದ್ದ. ಹೂ ಬಿಡಲು ಈ ಗಿಡಕ್ಕೆ ಉದ್ದನೆಯ ಹಗಲು ಬೇಕು. ಹಗಲು ಕಿರಿದಾದಂತೆ ಅದು ಮೊಗ್ಗು ನಿಲ್ಲಿಸಿ ಮಲಗಲು ತಯಾರಾಗುತ್ತದೆ. ಇದರ ತಳಿಗಳು ಬೆಳೆದು ಬಂದ ಉತ್ತರದ ನಾಡುಗಳಲ್ಲಿ ಜೂನ್ ಹಗಲು 15 ಗಂಟೆ ಇರುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೇ ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆಯ ಮೇಲೆ ಕೆಲವು ನಿಮಿಷ. ಅಂದರೆ ಮೇ, ಜೂನ್, ಜುಲೈ, ಆಗಸ್ಟ್ ಈ ನಾಲ್ಕು ತಿಂಗಳೇ ನಮಗೆ ಸಿಗುವ ಅವಕಾಶ. ಬೀಜದಿಂದ ಹೂವಿಗೆ ಹೆಚ್ಚುಕಡಿಮೆ ಐದು ತಿಂಗಳು ಬೇಕು. ಜೂನ್‌ನಲ್ಲಿ ಬಿತ್ತಿದರೆ ಗಿಡ ದೊಡ್ಡದಾಗುವ ಹೊತ್ತಿಗೆ ನವೆಂಬರ್. ಆಗ ಅದಕ್ಕೆ ನಿದ್ದೆಯ ಸಮಯ. ಸಂಕ್ರಾಂತಿಯ ಆಸುಪಾಸಿನಲ್ಲಿ ಬಿತ್ತಿದರೆ ಜೂನ್ ಹೊತ್ತಿಗೆ ಗಿಡ ಎದೆಮಟ್ಟ, ಮೋಡ ಕವಿದ ತಂಪು ಹವೆ, ಉದ್ದನೆಯ ಹಗಲು, ಮೂರೂ ಕೂಡಿ ಬರುತ್ತವೆ. ನಡುವೆ ಏಪ್ರಿಲ್, ಮೇ ತಿಂಗಳ ಬೆಂಕಿಯನ್ನು ಎಳೆಯ ಗಿಡ ದಾಟಬೇಕು ಎಂಬುದೊಂದೇ ತೊಡಕು.

ಬೀಜ

ಬೀಜ ಮೆಣಸಿನ ಕಾಳಿಗಿಂತ ತುಸು ಚಿಕ್ಕದು, ಕಂದು, ಕಲ್ಲಿನಂಥ ಸಿಪ್ಪೆ. ಹಾಗೆಯೇ ಬಿತ್ತಿದರೆ ತಿಂಗಳು ಕಳೆದರೂ ಮೊಳೆಯದೆ ಕೂರಬಹುದು. ಉಗುರು ಕತ್ತರಿಸುವ ಕಟರ್ ತೆಗೆದುಕೊಳ್ಳಿ. ಬೀಜದ ಒಂದು ಕಡೆ ಚಿಕ್ಕ ತಗ್ಗು ಕಾಣುತ್ತದೆ. ಅದು ಮೊಳಕೆ ಹೊರಡುವ ಬಾಗಿಲು, ಅದನ್ನು ಮುಟ್ಟಬೇಡಿ. ಎದುರಿನ ಉಬ್ಬಿದ ಬೆನ್ನಿನ ಮೇಲೆ ಸಿಪ್ಪೆಯಷ್ಟನ್ನೇ ಚಿವುಟಿ. ಒಳಗಿನ ಬಿಳಿ ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ. ಕಣ್ಣು ಮಂಜಾದವರು ಮರಳು ಕಾಗದದ ಮೇಲೆ ನಾಲ್ಕು ಸಲ ಉಜ್ಜಿದರೂ ಆದೀತು. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದೆ ಉಳಿದವನ್ನು ಮತ್ತೊಮ್ಮೆ ಚಿವುಟಿ ನೆನೆಸಿ.

ಚಹಾ ಅಂಗಡಿಯ ದೊಡ್ಡ ಪೇಪರ್ ಕಪ್‌ಗಳ ಅಡಿಗೆ ತೂತು ಮಾಡಿ, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಹುಳು ಗೊಬ್ಬರ ಅರ್ಧರ್ಧ ತುಂಬಿ, ಕಪ್‌ಗೆ ಒಂದೇ ಬೀಜದಂತೆ ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ. ‘ತೊಳೆದ’ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಕೊಕೊಪೀಟ್ ಇಟ್ಟಿಗೆಯಲ್ಲಿ ಎಷ್ಟೋ ಸಲ ಉಪ್ಪಿನಂಶ ಉಳಿದಿರುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ನಮ್ಮ ನೀರಿನಲ್ಲಿ ಉಪ್ಪು ಬೇಕಾದಷ್ಟು ಇರುವಾಗ ಇನ್ನಷ್ಟನ್ನು ದುಡ್ಡು ಕೊಟ್ಟು ತರುವುದು ಬೇಡ. ಜನವರಿಯ ರಾತ್ರಿ ತಂಪು ಇರುವುದರಿಂದ ಕಪ್‌ಗಳನ್ನು ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಡಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಮೊಳೆತ ದಿನವೇ ಬಿಸಿಲಿಗೆ ತನ್ನಿ, ಇಲ್ಲವಾದರೆ ದಾರದಂತೆ ಉದ್ದ ಬೆಳೆದು ಬಾಗುತ್ತದೆ.

ನಾಲ್ಕು ನಿಜವಾದ ಎಲೆ ಬಂದಾಗ ಆರು ಇಂಚಿನ ಕುಂಡಕ್ಕೆ, ಮಾರ್ಚ್ ಮಧ್ಯಕ್ಕೆ ಅದರ ಕೊನೆಯ ಮನೆಗೆ.

ಮಣ್ಣು: ನಿಂಬೆಹಣ್ಣು ಹಿಂಡಿ ನೋಡಿ

ಹಿತ್ತಲಿನ ಒಣ ಮಣ್ಣು ಒಂದು ಚಮಚ ತಟ್ಟೆಗೆ ಹಾಕಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಕಿವಿ ಹತ್ತಿರ ಒಯ್ಯಿರಿ. ಚುರುಚುರು ಸದ್ದು ಬಂದು ಸಣ್ಣ ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣ ಹೆಚ್ಚಿದೆ. ನಮ್ಮ ಎರೆ (ಕಪ್ಪು) ಮಣ್ಣಿನಲ್ಲಿ ಬಹುಪಾಲು ಹೀಗೆಯೇ. ಅಗೆದರೆ ಬಿಳಿ ಸುಣ್ಣದ ಹರಳುಗಳು ಕಣ್ಣಿಗೇ ಕಾಣುತ್ತವೆ. ಈ ಗಿಡಕ್ಕೆ ತುಸು ಹುಳಿ ಮಣ್ಣು ಇಷ್ಟ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ.

ಹೀಗಾಗಿ ನನ್ನ ಸಲಹೆ ಕುಂಡವೇ. ಖಾಲಿಯಾದ 20 ಲೀಟರ್ ಬಣ್ಣದ ಡಬ್ಬಿ ಮೊದಲ ವರ್ಷಕ್ಕೆ ಸಾಕು, ಎರಡನೆಯ ವರ್ಷದಿಂದ 40 ಲೀಟರ್ ಹಿಡಿಯುವ ಟಬ್. ಮಿಶ್ರಣ: ಮೂರು ಪಾಲು ಮಸಾರಿ (ಕೆಂಪು) ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ಹಳೆಯ ಭತ್ತದ ಹೊಟ್ಟು, ಎರಡು ಹಿಡಿ ಬೇವಿನ ಹಿಂಡಿ. ಹೊಟ್ಟು ಎಂದರೆ ಹೊಟ್ಟೇ, ಗಿರಣಿಯ ಬೂದಿಯಲ್ಲ. ಊರ ತುಂಬ ಅಕ್ಕಿ ಗಿರಣಿಗಳಿರುವಾಗ ಬೂದಿ ಪುಕ್ಕಟೆ ಸಿಗುತ್ತದೆ, ಗಿಡಕ್ಕೆ ಬೂದಿ ಒಳ್ಳೆಯದು ಎಂಬ ಮಾತೂ ಚಾಲ್ತಿಯಲ್ಲಿದೆ. ಹುಳಿ ಮಣ್ಣಿನ ಮಲೆನಾಡಿಗೆ ಅದು ಸರಿ ಇರಬಹುದು. ಮೊದಲೇ ಕ್ಷಾರವಿರುವ ನಮ್ಮ ಮಣ್ಣಿಗೆ ಬೂದಿ ಹಾಕುವುದೆಂದರೆ ಗಾಯಕ್ಕೆ ಉಪ್ಪು ಹಚ್ಚಿದಂತೆ.

ನೆಲಕ್ಕೇ ಹಚ್ಚಬೇಕು ಎನ್ನುವವರು ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ತೆಗೆದ ಎರೆ ಮಣ್ಣಿನ ಮೂರನೆಯ ಒಂದು ಪಾಲನ್ನು ಮಾತ್ರ ಉಳಿಸಿಕೊಂಡು, ಉಳಿದದ್ದಕ್ಕೆ ಮಸಾರಿ ಮತ್ತು ಗೊಬ್ಬರ ತುಂಬಬೇಕು. ಸವಳು (ಉಪ್ಪು-ಕ್ಷಾರದ) ನೆಲವಾದರೆ ಕಾಲು ಕಿಲೊ ಜಿಪ್ಸಂ ಬೆರೆಸಿ. ಗಿಡದಿಂದ ಗಿಡಕ್ಕೆ ಮೂರು ಅಡಿ. ಬುಡದ ಗಡ್ಡೆ ಮಣ್ಣಿನ ಮಟ್ಟದಿಂದ ಎರಡು ಬೆರಳು ಕೆಳಗಿರಲಿ. ನೀರನ್ನು ಹಿಡಿದಿಡುವ ಎರೆ ಮಣ್ಣಿನ ಗುಣ ಬೇರೆ ಹೂಗಿಡಗಳಿಗೆ ಶಾಪ, ಇದಕ್ಕೆ ವರ. ಬಿರುಕು ಬಿಡದಂತೆ ಮೇಲೆ ಭತ್ತದ ಹುಲ್ಲು ಹೊದಿಸಿದರಾಯಿತು.

ನೀರು: ಕುಂಡವೊಂದು ಗದ್ದೆ

ಇಲ್ಲಿ ನಿಧಾನವಾಗಿ ಓದಿ. ನಾನು ಮೊದಲ ಗಿಡವನ್ನು ಕೊಂದದ್ದು ನೀರು ಕೊಡದೆ, ಎರಡನೆಯದನ್ನು ಕೊಂದದ್ದು ನೀರು ಕೊಟ್ಟು.

ಕುಂಡವನ್ನು ಅಗಲವಾದ, ತೂತಿಲ್ಲದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಡಿ. ಬುಟ್ಟಿಗೆ ನಾಲ್ಕು ಬೆರಳಿನಷ್ಟು ನೀರು ನಿಲ್ಲಿಸಿ. ಕುಂಡದ ಅಡಿಯ ತೂತುಗಳಿಂದ ಬೇರು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಮೇ ತಿಂಗಳ ಒಣಗಾಳಿಯಲ್ಲಿ ದೊಡ್ಡ ಗಿಡವೊಂದು ದಿನಕ್ಕೆ ಒಂದು ಕೊಡ ನೀರನ್ನು ನಿರಾಯಾಸವಾಗಿ ಮುಗಿಸುತ್ತದೆ. ಬುಟ್ಟಿಯಲ್ಲಿ ನಿಂತ ನೀರಿಗೆ ಸೊಳ್ಳೆ ಬರುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಪರಿಹಾರ ಸುಲಭ: ಬುಟ್ಟಿಯ ತುಂಬ ಜಲ್ಲಿ ಹರಡಿ, ನೀರು ಜಲ್ಲಿಯ ಮಟ್ಟಕ್ಕಿಂತ ಕೆಳಗೇ ಇರಲಿ. ತೆರೆದ ನೀರು ಕಾಣದಿದ್ದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗವಿಲ್ಲ. ಸಿಮೆಂಟ್ ತೊಟ್ಟಿಯಲ್ಲಿ ಇಡುವವರು ನಾಲ್ಕು ಗಪ್ಪಿ ಮೀನು ಬಿಡಬಹುದು.

ಹೀಗೆ ಮಾಡಿ ನಾನು ಎರಡನೆಯ ಗಿಡವನ್ನು ಮೂರು ತಿಂಗಳು ಚೆನ್ನಾಗಿ ಬೆಳೆಸಿದೆ. ಆಮೇಲೆ ಎಲೆಯ ಅಂಚುಗಳು ಸುಟ್ಟ ರೊಟ್ಟಿಯಂತೆ ಕಂದಾಗತೊಡಗಿದವು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಒಂದು ದಿನ ಕುಂಡದ ಮೇಲ್ಮಣ್ಣು ಬೆರಳಿನಿಂದ ಕೆರೆದರೆ ಬೆಳ್ಳಗೆ, ಪುಡಿಪುಡಿ. ನಾಲಗೆಗೆ ಹಚ್ಚಿದರೆ ಉಪ್ಪು. ಆಗ ಹೊಳೆಯಿತು. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಹೊಲಗಳಿಗೆ ಏನಾಗಿದೆಯೋ ಅದೇ ನನ್ನ ಬಣ್ಣದ ಡಬ್ಬಿಯಲ್ಲಿ ಆಗಿತ್ತು. ನೀರು ಕೆಳಗಿನಿಂದ ಮೇಲೇರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಅದು ತಂದ ಉಪ್ಪು ಮೇಲೆಯೇ ಉಳಿಯುತ್ತದೆ. ಗದ್ದೆಗೆ ಬಸಿಗಾಲುವೆ ಬೇಕೆಂದು ನಾವೇ ಹೇಳುತ್ತೇವೆ. ಕುಂಡಕ್ಕೂ ಬೇಕು ಎಂದು ನನಗೆ ಹೊಳೆದಿರಲಿಲ್ಲ.

ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಬುಟ್ಟಿಯಿಂದ ಎತ್ತಿ, ಮೇಲಿನಿಂದ ಎರಡು ಕೊಡ ಒಳ್ಳೆಯ ನೀರು ನಿಧಾನವಾಗಿ ಸುರಿದು, ಅಡಿಯಿಂದ ಪೂರ್ತಿ ಬಸಿದುಹೋಗಲು ಬಿಡಿ. ಬುಟ್ಟಿಯ ಹಳೆಯ ನೀರನ್ನು ಚೆಲ್ಲಿ, ಜಲ್ಲಿ ತೊಳೆಯಿರಿ. ಇದೊಂದು ಕೆಲಸ ತಪ್ಪಿಸಿದರೆ ಉಳಿದ ಯಾವ ಆರೈಕೆಯೂ ಗಿಡವನ್ನು ಉಳಿಸುವುದಿಲ್ಲ.

ಒಳ್ಳೆಯ ನೀರು ಯಾವುದು? ಮಳೆ ನೀರು ಮೊದಲು. ಆಮೇಲೆ ಕಾಲುವೆ ನೀರು. ಬೋರ್‌ವೆಲ್ ನೀರು ನಿಮ್ಮ ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುತ್ತಿದ್ದರೆ ಕೊನೆಯ ಆಯ್ಕೆ. ಮನೆಯಲ್ಲಿ ಎಸಿ ಇದ್ದರೆ ಅದರ ಕೊಳವೆಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಕೊಡದ ಲೆಕ್ಕದಲ್ಲಿ ಸಿಗುತ್ತದೆ. ಇದಕ್ಕೆ ವಿರುದ್ಧ, ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಹಾಕುವ ನೀರು. ವ್ಯರ್ಥವಾಗುವುದಲ್ಲ ಎಂಬ ಕಕ್ಕುಲತೆಯಿಂದ ಅದನ್ನು ಗಿಡಕ್ಕೆ ಸುರಿಯುವ ಮನೆಗಳು ಬಹಳ. ಬೋರ್‌ವೆಲ್ ನೀರಿಗಿಂತಲೂ ಹೆಚ್ಚು ಉಪ್ಪು ಅದರಲ್ಲಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಬಚ್ಚಲ ನೀರೂ ಬೇಡ, ಸಾಬೂನಿನ ಸೋಡಾ ಮಣ್ಣನ್ನು ಇನ್ನಷ್ಟು ಕೆಡಿಸುತ್ತದೆ. ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಬಹುದು.

ಬಿಸಿಲು ಎಷ್ಟು

ದಿನಕ್ಕೆ ಆರು ಗಂಟೆ ನೇರ ಬಿಸಿಲು ಇಲ್ಲದೆ ಹೂವು ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಎಲ್ಲಿಯ ಬಿಸಿಲು ಎಂದು ಯಾರೂ ಕೇಳುವುದಿಲ್ಲ. ಮಾರ್ಚ್ ಕೊನೆಯಿಂದ ಮೊದಲ ಮಳೆಯವರೆಗೆ ನಮ್ಮ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆಗ ಪೂರ್ವಕ್ಕೆ ತೆರೆದ, ಹನ್ನೆರಡರವರೆಗೆ ಬಿಸಿಲು ಬಿದ್ದು ಆಮೇಲೆ ಗೋಡೆಯ ನೆರಳು ಬರುವ ಜಾಗ ಎಲ್ಲಕ್ಕಿಂತ ಒಳ್ಳೆಯದು. ಅಂಥ ಜಾಗವಿಲ್ಲದಿದ್ದರೆ ಐವತ್ತು ಪ್ರತಿಶತದ ಹಸಿರು ನೆರಳು ಪರದೆಯನ್ನು ಪಡುವಣ ದಿಕ್ಕಿಗೆ ಕಟ್ಟಿ. ಮಳೆ ಹಿಡಿದ ಕೂಡಲೇ ಪರದೆ ಬಿಚ್ಚಿ.

ಬಿಸಿಲಿಗಿಂತ ಕೆಟ್ಟದ್ದು ಒಣಗಾಳಿ. ಎಲೆ ಅಂಗೈಗಿಂತ ದೊಡ್ಡದಾದ್ದರಿಂದ ಗಾಳಿ ಅದರ ನೀರನ್ನು ಬೇಗ ಹೀರುತ್ತದೆ. ಕುಂಡಗಳನ್ನು ಒತ್ತಾಗಿ ಇಡಿ. ಒಂದರ ತೇವ ಇನ್ನೊಂದಕ್ಕೆ ನೆರವಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಸುತ್ತ ಗೋಣಿಚೀಲ ಸುತ್ತಿ ನೆನೆಸಿ. ಮಾಳಿಗೆಯ ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಇರಲಿ.

ಚಿವುಟುವುದು, ಉಣಿಸುವುದು

ಗಿಡ ಒಂದು ಗೇಣು ಎತ್ತರವಾದಾಗ ತುದಿ ಚಿವುಟಿ. ಹೊಸ ಕವಲುಗಳು ಒಂದು ಗೇಣಾದಾಗ ಅವುಗಳ ತುದಿಯನ್ನೂ ಚಿವುಟಿ. ಮೊಗ್ಗು ಬರುವುದು ಕವಲಿನ ತುದಿಯ ಕಡೆಗೇ ಆದ್ದರಿಂದ ಕವಲು ಹೆಚ್ಚಾದಷ್ಟೂ ಹೂವು ಹೆಚ್ಚು. ಏಪ್ರಿಲ್ ಮಧ್ಯದ ನಂತರ ಕೈ ಕಟ್ಟಿಕೊಳ್ಳಿ, ಇಲ್ಲವಾದರೆ ಮೊಗ್ಗನ್ನೇ ಚಿವುಟಿದಂತೆ.

ಇದು ಹೊಟ್ಟೆಬಾಕ ಗಿಡ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ, ಜೊತೆಗೆ ಮೇ ತಿಂಗಳಿನಿಂದ ಹತ್ತು ದಿನಕ್ಕೊಮ್ಮೆ ಲೀಟರಿಗೆ ಎರಡು ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಕರಗಿಸಿ ಬುಡಕ್ಕೆ. ಗೊಬ್ಬರದಂಗಡಿಯಲ್ಲಿ 13-0-45 ಎಂದು ಕೇಳಿದರೆ ಕೊಡುತ್ತಾರೆ. ಗದ್ದೆಗೆ ಹಾಕಿ ಉಳಿದ ಡಿಎಪಿಯನ್ನು ಹಿಡಿಗಟ್ಟಲೆ ತಂದು ಹೂಗಿಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಅದರಲ್ಲಿರುವ ರಂಜಕ (ಫಾಸ್ಫರಸ್) ಹೆಚ್ಚಾದರೆ ಈ ಗಿಡಕ್ಕೆ ಕಬ್ಬಿಣ ಸಿಗುವುದು ಇನ್ನಷ್ಟು ಕಷ್ಟವಾಗುತ್ತದೆ. ಡಿಎಪಿ ಗದ್ದೆಯಲ್ಲೇ ಇರಲಿ. ಕೆಂಪು ಪೊಟ್ಯಾಷ್ ಕೂಡ ಬೇಡ, ಅದರಲ್ಲಿ ಕ್ಲೋರೈಡ್ ಇದೆ.

ಎಷ್ಟೇ ಎಚ್ಚರ ವಹಿಸಿದರೂ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಾಣುವ ದಿನ ಬಂದೇ ಬರುತ್ತದೆ. ಅದು ಕಬ್ಬಿಣದ ಕೊರತೆ. ಅನ್ನಭೇದಿ (ಫೆರಸ್ ಸಲ್ಫೇಟ್) ಐದು ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಒಂದು ಗ್ರಾಂ, ಒಂದು ಲೀಟರ್ ನೀರು. ಸಂಜೆ ಹೊತ್ತು ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಿ, ಹತ್ತು ದಿನದ ನಂತರ ಇನ್ನೊಮ್ಮೆ. ಬಿಳಿ ಗೋಡೆಯ ಪಕ್ಕದಲ್ಲಿ ಸಿಂಪಡಿಸಬೇಡಿ. ನಮ್ಮ ಕಾಂಪೌಂಡಿನ ಮೇಲೆ ತುಕ್ಕಿನ ಕಲೆಗಳು ಇಂದಿಗೂ ಇವೆ, ಮನೆಯವರು ಅದನ್ನು ನೆನಪಿಸುವುದನ್ನು ಮರೆಯುವುದಿಲ್ಲ. ಹಳೆಯ ಎಲೆಗಳು ಮಾತ್ರ ಕೆಳಗಿನಿಂದ ಹಳದಿಯಾಗಿ ಉದುರುತ್ತಿದ್ದರೆ ಅದು ಸಾರಜನಕದ ಹಸಿವು ಅಥವಾ ನೀರು ತಪ್ಪಿದ ಸಿಟ್ಟು. ಅದಕ್ಕೆ ಅನ್ನಭೇದಿ ಔಷಧವಲ್ಲ.

ರಾತ್ರಿ ದೀಪದ ಗುಟ್ಟು

ಮೂರನೆಯ ಸಲ ಒಂದೇ ಪೊಟ್ಟಣದ ಎರಡು ಗಿಡ ಬೆಳೆಸಿದೆ. ಗೇಟಿನ ಬಳಿಯದು ಜೂನ್‌ನಲ್ಲಿ ಹೂ ಬಿಟ್ಟಿತು. ಹಿತ್ತಲಿನದು ಆಳೆತ್ತರ ಬೆಳೆದು, ಬರೀ ಎಲೆ ತೋರಿಸಿ, ನವೆಂಬರ್‌ನಲ್ಲಿ ಒಣಗಿತು. ಬಿಸಿಲು, ಗೊಬ್ಬರ, ಬೀಜದ ಗುಣ ಎಂದು ಏನೇನೋ ನೆಪ ಹುಡುಕಿದೆ. ಒಂದು ರಾತ್ರಿ ಗೇಟು ಹಾಕಲು ಹೋದಾಗ ಗಿಡದ ಮೇಲೆ ಬೀದಿದೀಪದ ಬೆಳಕು ಬಿದ್ದಿತ್ತು.

ಸೇವಂತಿಗೆ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದನ್ನು ನೀವು ಬೆಂಗಳೂರು ಕಡೆ ಹೋಗುವಾಗ ಕಂಡಿರಬಹುದು. ಸೇವಂತಿಗೆಗೆ ಕಿರಿದಾದ ಹಗಲು ಬೇಕು. ಬೆಳಕು ತೋರಿಸಿ ಹೂವನ್ನು ತಡೆಹಿಡಿದು, ಹಬ್ಬಕ್ಕೆ ಸರಿಯಾಗಿ ಬಿಡಿಸುತ್ತಾರೆ. ನಮ್ಮ ಗಿಡದ ಲೆಕ್ಕ ಅದಕ್ಕೆ ತಿರುಗುಮುರುಗು. ರಾತ್ರಿಯ ನಡುವೆ ಬೆಳಕು ಬಿದ್ದರೆ ಅದು ರಾತ್ರಿಯನ್ನು ಚಿಕ್ಕದೆಂದು, ಹಗಲನ್ನು ಉದ್ದವೆಂದು ತಿಳಿಯುತ್ತದೆ. ಮರುವರ್ಷ ಹಿತ್ತಲಿನ ಗಿಡಕ್ಕೆ ನಾಲ್ಕು ಅಡಿ ಮೇಲೆ ಹಳದಿ ಬೆಳಕಿನ ಮಾಮೂಲಿ ಬಲ್ಬು ಕಟ್ಟಿ, ರಾತ್ರಿ ಹತ್ತರಿಂದ ಎರಡರವರೆಗೆ ಉರಿಯುವಂತೆ ಟೈಮರ್ ಇಟ್ಟೆ. ಏಪ್ರಿಲ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹಿತ್ತಲಿನದೂ ಹೂ ಬಿಟ್ಟಿತು. ಎಲೆ ದಟ್ಟವಾಗಿ, ಆರೋಗ್ಯವಾಗಿ ಇದ್ದೂ ಮೊಗ್ಗೇ ಇಲ್ಲದ ಗಿಡ ನಿಮ್ಮಲ್ಲಿದ್ದರೆ ಗೊಬ್ಬರ ಬದಲಿಸುವ ಮೊದಲು ಈ ಬಲ್ಬನ್ನು ಪ್ರಯತ್ನಿಸಿ. ಬೀದಿದೀಪದ ಕೆಳಗಿನ ತೊಗರಿ ತಡವಾಗಿ ಹೂ ಬಿಡುತ್ತದೆಂದು ರೈತರು ಗೊಣಗುವುದೂ ಇದೇ ಕಾರಣಕ್ಕೆ, ಬೇರೆ ದಿಕ್ಕಿನಿಂದ.

ಹುಳುಗಳು: ಹತ್ತಿಯ ನೆಂಟರು

ಕುಟುಂಬ ಒಂದೇ ಆದ್ದರಿಂದ ಹತ್ತಿಯ ಹಲವು ಪಿಡುಗುಗಳು ಇದರ ಮನೆಗೂ ಬರುತ್ತವೆ. ಮುಖ್ಯವಾದದ್ದು ಹಿಟ್ಟು ತಿಗಣೆ. ಎಳೆಯ ತುದಿಯಲ್ಲಿ ಬಿಳಿ ಹತ್ತಿಯ ಚೂರು ಅಂಟಿದಂತೆ ಕಾಣುತ್ತದೆ, ಚಿಗುರು ಮುದುಡುತ್ತದೆ, ಇರುವೆಗಳು ಸಾಲುಗಟ್ಟುತ್ತವೆ. ಮಾನ್ವಿ, ಸಿಂಧನೂರು ಕಡೆಯಿಂದ ಒಲೆಗೆಂದು ತಂದ ಹತ್ತಿ ಕಟ್ಟಿಗೆಯನ್ನು ಗಿಡದ ಹತ್ತಿರ ಒಟ್ಟಿದರೆ ಅದರ ಜೊತೆಗೇ ಇದೂ ಇಳಿಯಬಹುದು. ಶುರುವಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸಾಬೂನು ನೀರು ಸಾಕು. ಹೆಚ್ಚಾದರೆ ಲೀಟರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಹನಿ ಸಾಬೂನು ದ್ರಾವಣ, ವಾರಕ್ಕೊಮ್ಮೆ ಮೂರು ಸಲ. ಸೂರ್ಯ ಮುಳುಗಿದ ಮೇಲೆಯೇ ಸಿಂಪಡಿಸಿ. ಬಿಸಿಲಿನಲ್ಲಿ ಎಣ್ಣೆ ಎಲೆಯನ್ನು ಹುರಿಯುತ್ತದೆ. ಇರುವೆಯನ್ನು ತಡೆಯದೆ ತಿಗಣೆ ಹೋಗುವುದಿಲ್ಲ. ಬುಟ್ಟಿಯ ಅಂಚಿನ ಒಳಗೆ ನೀರಿನ ಒಂದು ಸುತ್ತು ಉಳಿಸಿಕೊಂಡರೆ ಇರುವೆಗೆ ದಾರಿ ಇಲ್ಲ, ಆದರೆ ಆ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಬೇಕು.

ಜಿಗಿಹುಳು, ಬಿಳಿ ನೊಣಕ್ಕೂ ಬೇವಿನ ಎಣ್ಣೆಯೇ. ಪಕ್ಕದಲ್ಲಿ ಬೆಂಡೆ ಹಾಕಬೇಡಿ.

ಆಗಸ್ಟ್ ನಂತರ ಕಪ್ಪು ಮೈಗೆ ಕೇಸರಿ ಪಟ್ಟೆಯ ಉದ್ದನೆಯ ದುಂಬಿ ಬರುತ್ತದೆ, ತೊಗರಿ ಹೂವಿನ ಮೇಲೆ ಕೂರುವುದೂ ಅದೇ. ಗಂಗಾಳದಗಲದ ಹೂವನ್ನು ಬೆಳಗಿನ ಎರಡು ತಾಸಿನಲ್ಲಿ ಜರಡಿ ಮಾಡುತ್ತದೆ. ಸಿಟ್ಟು ಬಂದು ಬೆರಳಿನಿಂದ ಹೊಸಕಬೇಡಿ. ಅದರ ರಸ ತಾಗಿದ ಚರ್ಮ ಬೊಬ್ಬೆ ಏಳುತ್ತದೆ. ಸಾಬೂನು ನೀರಿನ ಡಬ್ಬಿಯನ್ನು ಕೆಳಗೆ ಹಿಡಿದು ಹೂವನ್ನು ತಟ್ಟಿದರೆ ತಾನೇ ಬೀಳುತ್ತದೆ.

ಹೂವಿನ ದಿನ

ಹಿಂದಿನ ಸಂಜೆ ಮೊಗ್ಗು ಮಡಚಿದ ಕೊಡೆಯಂತೆ ಸುರುಳಿಯಾಗಿ ನಿಂತಿರುತ್ತದೆ, ತುದಿಯಲ್ಲಿ ಬಣ್ಣ ಕಾಣುತ್ತದೆ. ಬೆಳಗ್ಗೆ ಹಾಲು ತರುವ ಹೊತ್ತಿಗೆ ಅರ್ಧ ಬಿಚ್ಚಿಕೊಂಡಿರುತ್ತದೆ. ದಳಗಳ ಮೇಲೆ ಇಸ್ತ್ರಿ ಮಾಡದ ರೇಷ್ಮೆಯ ಸುಕ್ಕು. ಎಂಟರ ಹೊತ್ತಿಗೆ ಸುಕ್ಕು ಹೋಗಿ ಪೂರ್ತಿ ಹರಡುತ್ತದೆ. ಸಂಜೆಗೆ ಮುದುಡುತ್ತದೆ. ಒಂದು ಹೂವಿಗೆ ಒಂದೇ ದಿನ. ಚೆನ್ನಾಗಿ ಕವಲೊಡೆದ ಗಿಡ ಮೊಗ್ಗಿನ ಮೇಲೆ ಮೊಗ್ಗು ಕೊಡುತ್ತ ಹೋಗುವುದರಿಂದ ಸುಗ್ಗಿ ವಾರಗಟ್ಟಲೆ ನಡೆಯುತ್ತದೆ. ಪೂಜೆಗೆ ಕೀಳುವವರಿಗೆ ಒಂದು ಮಾತು: ದೇವರ ಪಟ ಸಣ್ಣದಿದ್ದರೆ ಹೂವಿನ ಹಿಂದೆ ದೇವರೇ ಕಾಣುವುದಿಲ್ಲ.

ಬಾಡಿದ ಹೂವನ್ನು ತೊಟ್ಟಿನ ಸಮೇತ ಕಿತ್ತುಹಾಕಿದರೆ ಗಿಡದ ಶಕ್ತಿ ಹೊಸ ಮೊಗ್ಗಿಗೆ ಹೋಗುತ್ತದೆ. ಬೀಜ ಬೇಕಾದರೆ ಕೊನೆಯ ಎರಡು ಹೂವು ಬಿಡಿ, ಕಾಯಿ ಕಂದಾಗುವ ಮೊದಲೇ ತೆಳು ಬಟ್ಟೆ ಕಟ್ಟಿ. ಹೈಬ್ರಿಡ್ ಗಿಡದ ಬೀಜ ತಾಯಿಯ ಬಣ್ಣವನ್ನೇ ಕೊಡುತ್ತದೆಂಬ ಖಾತರಿ ಇಲ್ಲ. ಅದೇ ಬಣ್ಣ ಬೇಕೆಂದರೆ ಜುಲೈನಲ್ಲಿ ಹೂವಿಲ್ಲದ ಎಳೆ ಕವಲನ್ನು ಅರ್ಧ ಗೇಣು ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಕೊಕೊಪೀಟ್‌ಗೆ ಚುಚ್ಚಿ ನೆರಳಿನಲ್ಲಿಡಿ. ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ.

ಡಿಸೆಂಬರ್‌ನಲ್ಲಿ ಏನು ಮಾಡಬಾರದು

ನವೆಂಬರ್ ಕಳೆಯುತ್ತಿದ್ದಂತೆ ಎಲೆ ಹಳದಿಯಾಗಿ ಉದುರುತ್ತದೆ, ಕಾಂಡ ಒಣಕಲು ಕಡ್ಡಿಯಾಗುತ್ತದೆ. ಹಗಲು ಕಿರಿದಾದದ್ದಕ್ಕೆ ಗಿಡ ಮಲಗಿದೆ, ಅಷ್ಟೇ. ಕೆಲವು ವರ್ಷ ನಮ್ಮ ಹಗುರ ಚಳಿಗೆ ಪೂರ್ತಿ ಮಲಗದೆ ಅರೆಬರೆ ಎಲೆ ಹೊತ್ತು ನಿಲ್ಲುತ್ತದೆ. ಆಗ ಡಿಸೆಂಬರ್ ಕೊನೆಗೆ ನೀವೇ ಅರ್ಧ ಗೇಣು ಬಿಟ್ಟು ಕತ್ತರಿಸಿ ಮಲಗಿಸಿ. ಬುಟ್ಟಿಯಿಂದ ಕುಂಡ ಎತ್ತಿಡಿ, ಗೊಬ್ಬರ ನಿಲ್ಲಿಸಿ, ಐದಾರು ದಿನಕ್ಕೊಮ್ಮೆ ಒಂದು ತಂಬಿಗೆ ನೀರು ಸಾಕು. ಬೇರು ಪೂರ್ತಿ ಒಣಗಬಾರದು, ಕೊಳೆಯಲೂಬಾರದು. ಫೆಬ್ರುವರಿಯಲ್ಲಿ ಬುಡದಿಂದ ಕೆಂಪು ಮೂಗಿನ ದಪ್ಪ ಮೊಳಕೆಗಳು ಏಳುತ್ತವೆ. ಆಗ ಮೇಲ್ಮಣ್ಣು ಬದಲಿಸಿ, ಹೊಸ ಗೊಬ್ಬರ ಕೊಟ್ಟು, ಮತ್ತೆ ಬುಟ್ಟಿಗಿಳಿಸಿ. ದೊಡ್ಡ ಗಡ್ಡೆಯನ್ನು ಎರಡು ಮಾಡಬೇಕೆಂದರೂ ಇದೇ ಸಮಯ.

ಎರಡನೆಯ ಗಿಡದ ಕತೆಗೆ ಇನ್ನೊಂದು ಬಾಲವಿದೆ. ಉಪ್ಪಿನಿಂದ ಅದು ಸೊರಗಿತ್ತು ನಿಜ, ಸತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಒಣಕಲು ಕಡ್ಡಿ ಕಂಡು, ಸತ್ತಿತೆಂದು ಕುಂಡ ಬೋರಲು ಹಾಕಿ ತಿಪ್ಪೆಗೆ ಎಸೆದೆ. ಎಸೆಯುವಾಗ ಬೇರು ಮುರಿಯಿತು. ಒಳಗೆ ಬೆಳ್ಳಗೆ, ಹಸಿ ಮೂಲಂಗಿಯಂತೆ ರಸವಿತ್ತು. ಅಂದ ಮೇಲೆ ಕೊಂದದ್ದು ಉಪ್ಪಲ್ಲ, ನಾನೇ. ಈಗ ಪ್ರತಿ ಡಿಸೆಂಬರ್‌ನಲ್ಲಿ ಕುಂಡಕ್ಕೆ ಒಂದು ರಟ್ಟು ಚುಚ್ಚಿಡುತ್ತೇನೆ, ಮನೆ ಕೆಲಸಕ್ಕೆ ಬರುವವರಿಗೂ ನನಗೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ: ‘ಮಲಗಿದೆ, ಕೀಳಬೇಡಿ.’